ಓಬಳಪ್ಪ ಮಡಿಸಿಕೊಟ್ಟ ಎಲೆ

ಸುಣ್ಣದ ವಾಸನೆ — ಎದುರು ಸೀಟಿನ ಅಜ್ಜಿ ಡಬ್ಬಿ ತೆರೆದಿದ್ದಾಳೆ, ಬೆರಳ ತುದಿಗೆ ಇಷ್ಟೇ ಇಷ್ಟು ಸುಣ್ಣ, ಎಲೆಯ ಬೆನ್ನಿಗೆ ಒಂದು ಗೀರು, ಅಡಿಕೆ ಚೂರು, ಒಂದು ಮಡಿಕೆ, ಇನ್ನೊಂದು ಮಡಿಕೆ, ನೋಡಬೇಡ, ಕಿಟಕಿ ಕಡೆ ತಿರುಗು ಶೌರಪ್ಪ, ಬೀರೂರು ಸ್ಟೇಷನ್ ಹಿಂದಕ್ಕೆ ಸರಿಯುತ್ತಿದೆ, ನೀರಿನ ಟ್ಯಾಂಕು, ಸಿಗ್ನಲ್ ಕಂಬ, ಇಷ್ಟು ಹೊತ್ತು ಜೊತೆಯಲ್ಲೇ ಓಡುತ್ತಿದ್ದ ಹಳಿಗಳು ಈಗ ಬೇರೆಯಾಗುತ್ತವೆ, ಆ ಜೋಡಿ ಅಜ್ಜಂಪುರಕ್ಕೆ, ಈ ಜೋಡಿ ತರೀಕೆರೆಗೆ, ನಾನು ಯಾವಾಗಲೂ ಈ ಜೋಡಿಯ ಮೇಲೇ, ಅಜ್ಜಂಪುರದ ಹಳಿಯ ಮೇಲೆ ಕಾಲಿಟ್ಟು ಹನ್ನೊಂದು ವರ್ಷ ದಾಟಿತು, ಸೊಂಟ ನೋವೆಂದು ಅರ್ಜಿ ಬರೆದುಕೊಟ್ಟು ಹಳಿ ಬಿಗಿಯುವ ಗ್ಯಾಂಗಿನ ಕೆಲಸ ಬಿಟ್ಟು ಗೇಟಿನ ಕೆಲಸಕ್ಕೆ ಹಾಕಿಸಿಕೊಂಡೆ, ರಿಟೈರ್ ಆಗುವವರೆಗೂ ಅಲ್ಲೇ ಗೇಟು ಎತ್ತುತ್ತಾ ಇಳಿಸುತ್ತಾ ಕೂತೆ, ಸೊಂಟಕ್ಕೆ ಏನೂ ಆಗಿರಲಿಲ್ಲ — ತಗೊಳ್ತೀರಾ ಯಜಮಾನ್ರೇ, ಅಜ್ಜಿ ಮಡಿಸಿದ ಎಲೆಯನ್ನು ನನ್ನ ಕಡೆಗೇ ಚಾಚಿದ್ದಾಳೆ, ಕೈ ತುಂಬ ಗೆರೆ, ಉಗುರಿಗೆ ಸುಣ್ಣ ಮೆತ್ತಿದೆ, ಬ್ಯಾಡಮ್ಮ, ಬಿಟ್ಬಿಟ್ಟಿದೀನಿ, ಒಳ್ಳೇದಾಯ್ತು ಬಿಡಿ, ಡಾಕ್ಟ್ರು ಬ್ಯಾಡ ಅಂದ್ರಾ, ಹೂಂ ಅಂದೆ, ಯಾವ ಡಾಕ್ಟರೂ ಏನೂ ಅಂದಿಲ್ಲ, ಪಾಪನಿವೇದನೆಗೆ ಹೋಗುವ ದಾರಿಯಲ್ಲೂ ಒಂದು ಸುಳ್ಳು, ಭೇಷ್ ಶೌರಪ್ಪ. ಅಜ್ಜಿ ಆ ಎಲೆಯನ್ನು ತನ್ನ ಬಾಯಿಗೇ ಹಾಕಿಕೊಂಡು ಕಣ್ಣು ಮುಚ್ಚಿದಳು.

ಬೇರೆ ಊರಿಗೆ ಹೋಗಿ ಪಾಪ ಹೇಳಿಕೊಳ್ಳುವುದು ನಾನೊಬ್ಬನೇ ಕಂಡುಹಿಡಿದದ್ದಲ್ಲ, ನಮ್ಮ ಚರ್ಚು ಸಣ್ಣದು, ಮೂವತ್ತು ನಲವತ್ತು ಮನೆ, ಎಲ್ಲ ರೈಲ್ವೆಯವರು, ರೈಲ್ವೆಯಿಂದ ರಿಟೈರ್ ಆದವರು, ರೈಲ್ವೆಯವರ ಮಕ್ಕಳು, ಪಾಪನಿವೇದನೆಯ ಪೆಟ್ಟಿಗೆಗೆ ಜಾಲರಿ ಇದ್ದರೇನು, ಒಂದು ಸಲ ಕೆಮ್ಮಿದರೆ ಸಾಕು ಒಳಗೆ ಕೂತ ಫಾದರಿಗೆ ಯಾರೆಂದು ಗೊತ್ತು, ಮುಂದಿನ ವಾರ ಅವರೇ ಮನೆಗೆ ಊಟಕ್ಕೆ ಬರುತ್ತಾರೆ, ಎದುರು ನಿಂತು ನಾವೇ ಬಡಿಸಬೇಕು, ಹಾಗಾಗಿ ದೊಡ್ಡದೇನಾದರೂ ಇದ್ದವರು ರೈಲು ಹತ್ತುತ್ತಾರೆ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ, ಕೊನೆಯ ವಾರಕ್ಕೆ ಮುಂಚಿನ ಶನಿವಾರ ಬೆಳಿಗ್ಗೆ ಈ ಗಾಡಿಯಲ್ಲಿ ಪರಿಚಯದ ಮುಖ ಕಂಡರೆ ಆಚೆ ತಿರುಗಿಕೊಳ್ಳುವುದೇ ಮರ್ಯಾದೆ, ಯಾರೂ ಯಾರನ್ನೂ ಎಲ್ಲಿಗೆ ಎಂದು ಕೇಳುವುದಿಲ್ಲ. ನಾನು ಒಂದು ವರ್ಷ ತರೀಕೆರೆ, ಒಂದು ವರ್ಷ ಭದ್ರಾವತಿ, ಒಂದು ವರ್ಷ ಬಸ್ಸಿನಲ್ಲಿ ಚಿಕ್ಕಮಗಳೂರು, ಹೀಗೆ ಸುತ್ತು ಹಾಕುತ್ತೇನೆ, ಸುಳ್ಳು ಹೇಳಿದ್ದೇನೆ ಸ್ವಾಮಿ, ಎಷ್ಟು ಸಲ, ಒಂದು ಸಲ, ಮೂರು ನಮೋ ಮರಿಯಾ ಜಪ ಹೇಳಪ್ಪ, ಸಮಾಧಾನದಿಂದ ಹೋಗು — ಎಷ್ಟು ಸಲ ಎಂದು ಕೇಳುತ್ತಾರೆ, ಎಂಥದ್ದು ಎಂದು ಯಾರೂ ಕೇಳುವುದಿಲ್ಲ, ನನ್ನ ಹಿಂದೆ ಇನ್ನೂ ಇಪ್ಪತ್ತು ಜನ ಸಾಲಿನಲ್ಲಿ ನಿಂತಿರುತ್ತಾರೆ, ಒಂದು ಸಲ ಎಂಬುದು ನಿಜವೇ, ಒಂದೇ ಸಲ ಹೇಳಿದ್ದು, ಹನ್ನೊಂದು ತಪಸ್ಸು ಕಾಲದಲ್ಲಿ ಹನ್ನೊಂದು ಸಲ ಕ್ಷಮೆ ಸಿಕ್ಕಿತು, ಹನ್ನೊಂದೂ ಯಾವುದೋ ಸಣ್ಣ ಸುಳ್ಳಿಗೆ ಸಿಕ್ಕಿದ್ದು, ನನ್ನದು ಇದ್ದಲ್ಲೇ ಇದೆ. ಹೊರಗೆ ಬಂದು ಮಂಡಿಯೂರಿ ಮೂರು ನಮೋ ಮರಿಯಾ ಹೇಳಿ, ಪರಮಪ್ರಸಾದಕ್ಕೆ ಬಾಯಿ ತೆರೆಯುತ್ತೇನೆ, ಇದೇ ಬಾಯಿ, ಇನ್ನೊಂದಿಲ್ಲ. ಬರುವ ಶುಭ ಶುಕ್ರವಾರ ಶಿಲುಬೆ ಹಾದಿಯ ಮೆರವಣಿಗೆಯಲ್ಲಿ ಮರದ ಶಿಲುಬೆ ಹೊರುವವನೂ ನಾನೇ, ಪ್ರತಿ ವರ್ಷ ನಾನೇ, ಶೌರಪ್ಪನೋರ ಭುಜ ಗಟ್ಟಿ, ಮನಸ್ಸು ಶುದ್ಧ ಅನ್ನುತ್ತಾರೆ, ಹೆಂಡತಿ ರೆಜಿನಾ ಆಗಲೇ ಬಿಳಿ ಪಂಚೆ ಇಸ್ತ್ರಿ ಮಾಡಿಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಚಪಾತಿ ಕಟ್ಟಿಕೊಡುತ್ತಾ ಅಂದಳು, ಇಲ್ಲೇ ಹೇಳ್ಕೊಂಡ್ರೆ ದೇವರಿಗೆ ಕೇಳಲ್ವಾ, ಅಷ್ಟು ದೂರ ಹೋಗ್ಬೇಕಾ, ನಿಮ್ಮಂಥೋರಿಗೆ ಏನ್ ಪಾಪ ಇರುತ್ತೆ ಅಂತ. ನಾನು ಚಪ್ಪಲಿ ಹಾಕಿಕೊಂಡು ಹೊರಟುಬಿಟ್ಟೆ.

ಸೋಮವಾರ ಬಾರದೇ ಇದ್ದಿದ್ದರೆ ಈ ವರ್ಷವೂ ಒಂದು ಸಲ ಎಂದು ಹೇಳಿ ಮುಗಿಸುತ್ತಿದ್ದೆ, ಸೋಮವಾರ ಅಂಜಿನಮ್ಮ ಬಂದಳು, ಗ್ಯಾಂಗಿನಲ್ಲಿ ನನ್ನ ಜೊತೆಗಿದ್ದು ಸತ್ತ ಓಬಳಪ್ಪನ ಹೆಂಡತಿ, ಚೌಳಹಿರಿಯೂರಿನಿಂದ ಬಸ್ಸಿನಲ್ಲಿ, ಕಂಕುಳಲ್ಲಿ ಹುರುಳಿಯ ಚೀಲ, ವರ್ಷಕ್ಕೊಂದು ಸಲ ಹುರುಳಿ, ಇನ್ನೊಂದು ಸಲ ಕುಂಬಳಕಾಯಿ, ತನ್ನ ಗಂಡನನ್ನು ಉಳಿಸಲು ಗಂಟಲು ಹರಿದುಕೊಂಡ ಅಣ್ಣನಿಗೆ ತಂಗಿ ತರುವ ಹಾಗೆ, ಬ್ಯಾಡ ಅಂದ್ರೆ ಬ್ಯಾಸರ ಮಾಡ್ಕೋತೀನಿ ಅಣ್ಣಾ, ರೆಜಿನಾ ಹುರುಳಿ ಸಾರು ಮಾಡಿದ ದಿನ ನನಗೆ ಜ್ವರ ಬರುತ್ತದೆ, ನಿಜವಾಗಿಯೂ ಬರುತ್ತದೆ. ಅವಳು ಕುರ್ಚಿಯ ಮೇಲೆ ಕೂರುವುದಿಲ್ಲ, ಬಾಗಿಲ ಪಕ್ಕ ನೆಲದ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಾ ಹೇಳಿದಳು, ಅನುಷಾಗೆ ಗಂಡು ಗೊತ್ತಾಗೈತೆ ಅಣ್ಣ, ಕಡೂರಿನ ಕಡೆಯೋರು, ಒಳ್ಳೆ ಜನ, ಹುಡ್ಗ ಹುಡ್ಗಿ ಒಪ್ಕೊಂಡವ್ರೆ, ಎಲ್ಲಾ ಆಗೈತೆ, ಯಾರೋ ಪುಣ್ಯಾತ್ಮರು ಅವ್ರ ಕಿವಿಗೆ ಊದವ್ರೆ, ಹುಡ್ಗಿ ಅಪ್ಪ ಕುಡ್ದು ರೈಲಿಗೆ ಸಿಕ್ಕಿ ಸತ್ತ ಅಂತ, ಅಪ್ಪ ಅಂಥೋನು ಅಂದ್ರೆ ಮಗಳು ಹೆಂಗೋ ಅಂತವ್ರಂತೆ, ಭಾನ್ವಾರ ಮಾತಿಗೆ ಬತ್ತಾರೆ, ನೀವು ಬಂದು ಕೂತ್ಕೊಂಡು ಒಂದ್ ಮಾತು ಹೇಳ್ಬೇಕು, ಅವತ್ತು ಅವ್ರು ಕುಡ್ದಿರ್ಲಿಲ್ಲ ಅಂತ, ಜೊತೇಲಿದ್ದೋರು ನೀವೊಬ್ರೇ, ನಿಮ್ ಮಾತು ಯಾರೂ ತೆಗ್ದಾಕಲ್ಲ — ಹೇಳಿ, ತಲೆ ಎತ್ತದೆ, ನಂಗೊತ್ತು ಅಣ್ಣ, ಅದು ಸುಳ್ಳು, ನಿಮ್ ಧರ್ಮದಲ್ಲಿ ಸುಳ್ಳು ಹೇಳೋದು ಪಾಪ ಅಂತಾನೂ ಗೊತ್ತು, ಆ ಪಾಪ ನಂಗಿರ್ಲಿ, ಮಗಳ ಸಲುವಾಗಿ ನಾನ್ ಹೊತ್ಕೋತೀನಿ, ನೀವು ಹೇಳ್ಬಿಡಿ ಸಾಕು. ಆ ಪಾಪ ನಂಗಿರ್ಲಿ — ನಮ್ಮ ಫಾದರ್ ಪೀಠದ ಹತ್ತಿರ ನಿಂತು ಎಲ್ಲರ ಪಾಪ ಹೊತ್ತ ಯೇಸುಸ್ವಾಮಿಯ ಬಗ್ಗೆ ಹೇಳುವ ಮಾತನ್ನು, ನನ್ನ ಮನೆಯ ಬಾಗಿಲಲ್ಲಿ ಕೂತು, ಶಿಲುಬೆಯ ಗುರುತೇ ಹಾಕಲು ಬಾರದ ಹೆಂಗಸು ಹೇಳಿದಳು. ಅವಳು ಸುಳ್ಳು ಎಂದುಕೊಂಡು ನನ್ನಿಂದ ಹೇಳಿಸಲು ಬಂದ ಮಾತೇ ನಿಜ, ಅವಳು ಹನ್ನೊಂದು ವರ್ಷದಿಂದ ನಿಜ ಎಂದು ನಂಬಿಕೊಂಡದ್ದು ನಾನು ಸಹಿ ಮಾಡಿದ ಸುಳ್ಳು. ಹೂಂ ಕಣಮ್ಮ, ಬತ್ತೀನಿ ಅಂದೆ, ರೆಜಿನಾ ಒಳಗಿನಿಂದ ಕಾಫಿ ತಂದಳು.

ಹೇಳಿ ಎದ್ದುಬಿಡಬಹುದು, ಅದೇ ನನ್ನ ಮನಸ್ಸು ಸೋಮವಾರದಿಂದ ಪಿಸುಗುಟ್ಟುತ್ತಿರುವುದು, ನಾಳೆ ಹೋಗು, ಚಾಪೆಯ ಮೇಲೆ ಕೂತು ಓಬಳಪ್ಪ ಕುಡಿದಿರಲಿಲ್ಲ ಎಂದು ಹೇಳು, ನಿಜವನ್ನೇ ಹೇಳಿದಂತಾಯಿತು, ಮದುವೆಯೂ ನಡೆಯುತ್ತದೆ, ಅಂಜಿನಮ್ಮ ಮಾತ್ರ ಪಾಪ ಶೌರಣ್ಣ ನನಗೋಸ್ಕರ ಸುಳ್ಳು ಹೇಳಿದರು ಎಂದುಕೊಂಡು ಇನ್ನೊಂದು ಚೀಲ ಹುರುಳಿ ತರುತ್ತಾಳೆ, ಗಂಡ ಕುಡಿಯುವುದಿಲ್ಲವೆಂದು ಇಟ್ಟ ಆಣೆ ಮುರಿದು ಸತ್ತ ಎಂದೇ ನಂಬಿಕೊಂಡು ಸಾಯುತ್ತಾಳೆ, ಅಷ್ಟೇ ತಾನೆ, ಅಷ್ಟೇ — ಗಾಡಿ ನಿಂತಿತು, ಯಾವುದೋ ಸಣ್ಣ ಸ್ಟೇಷನ್, ಹಳಿಯ ಪಕ್ಕದಲ್ಲಿ ನಾಲ್ಕು ಜನ ಗ್ಯಾಂಗಿನವರು, ಈಗ ಅವರಿಗೆ ಹೊಳೆಯುವ ಅಂಗಿ ಕೊಟ್ಟಿದ್ದಾರೆ, ದೂರದಿಂದ ಕಾಣಲಿ ಎಂದು, ಒಬ್ಬ ಕೆಂಪು ಬಾವುಟ ಹಿಡಿದು ನಿಂತಿದ್ದಾನೆ, ಬಾಯಲ್ಲಿ ವಿಷಲ್, ಹೌದು, ಬಾಯಲ್ಲೇ ಇದೆ, ಗಾಡಿ ಬಂದರೆ ಎಚ್ಚರಿಸಲು ಲುಕೌಟ್ ನಿಲ್ಲುವವನ ವಿಷಲ್ ಕುತ್ತಿಗೆಯಲ್ಲಿ ಇರಬಾರದು, ಜೇಬಿನಲ್ಲಿ ಇರಬಾರದು, ಬಾಯಲ್ಲಿ ಇರಬೇಕು, ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುತ್ತಾರೆ. ಅವತ್ತು ಅಜ್ಜಂಪುರದ ಹಳಿಯ ಮೇಲೆ ಆಷಾಢದ ಗಾಳಿ, ಆ ಬಯಲಿನಲ್ಲಿ ತಲೆಯ ಮೇಲಿನ ಟವೆಲ್ಲು ನಿಲ್ಲದ ಗಾಳಿ, ಕಿವಿಯಲ್ಲಿ ಗುಯ್ ಎನ್ನುವುದೊಂದೇ ಕೇಳುತ್ತಿತ್ತು, ಉಳಿದವರೆಲ್ಲ ಆಚೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು, ಎರಡು ಬೋಲ್ಟು ಬಾಕಿ ಇದ್ದವು, ಓಬಳಪ್ಪ ಅಂದ, ನೀನು ಬಾವುಟ ಹಿಡ್ದು ನಿಂತ್ಕೊಳೋ ಶೌರಿ, ನಾನ್ ಬಿಗಿ ಮಾಡ್ಬಿಡ್ತೀನಿ, ಆಮೇಲೆ ಒಟ್ಟಿಗೆ ಉಣ್ಣಾನ. ಬಗ್ಗುವ ಮೊದಲು ಓಬಳಪ್ಪ ಸೊಂಟದ ಚೀಲ ಬಿಚ್ಚಿದ, ಎಲೆಯನ್ನು ತೊಡೆಗೆ ಒರೆಸಿದ, ಸುಣ್ಣ ಗೀರಿದ, ಅಡಿಕೆ ಇಟ್ಟ, ಒಂದು ಮಡಿಕೆ, ಇನ್ನೊಂದು ಮಡಿಕೆ, ಕೈ ಚಾಚಿದ, ತಗಾ ಶೌರಿ, ಅಂಜಿನಿ ಕಟ್ಕೊಟ್ಟವ್ಳೆ, ಎಳೇ ಎಲೆ. ನಾನು ಬಾಯಿಂದ ವಿಷಲ್ ತೆಗೆದು ಎಲೆ ಹಾಕಿಕೊಂಡೆ.

ಆಮೇಲಿನದನ್ನು ಎಷ್ಟು ಸಲ ನೋಡಿದ್ದೇನೋ, ತಿರುವಿನಲ್ಲಿ ಖಾಲಿ ಇಂಜಿನ್, ಹಿಂದೆ ಒಂದು ಡಬ್ಬಿಯೂ ಇಲ್ಲ, ಆ ಹೊತ್ತಿಗೆ ಯಾವ ಗಾಡಿಯೂ ಇಲ್ಲ ಎಂದು ನಾನು ಕಣ್ಣರ್ಧ ಮುಚ್ಚಿ ಎಲೆಯ ರಸ ನುಂಗುತ್ತಿದ್ದೆ, ಕಂಡಿತು, ಕೈ ತಾನಾಗಿ ವಿಷಲ್ಲನ್ನು ತುಟಿಗೆ ತಂದಿತು, ಬಾಯಿ ತುಂಬ ಎಲೆ, ಊದಿದರೆ ಗಾಳಿ ಬರಲಿಲ್ಲ, ರಸ ಬಂತು, ಓಬ್ಳಾ ಎಂದು ಕೂಗಿದರೆ ಗೊಳಗೊಳ ಸದ್ದು, ಉಗಿದೆ, ಉಗಿಯುವುದಕ್ಕೆ ಎಷ್ಟು ಹೊತ್ತು, ನಾಲ್ಕು ಉಸಿರು, ಐದು ಉಸಿರು, ಅವನು ಬೆನ್ನು ಬಗ್ಗಿಸಿ ಸ್ಪ್ಯಾನರಿನ ಮೇಲೆ ಭಾರ ಹಾಕುತ್ತಿದ್ದ, ಅಷ್ಟೇ, ಆ ಬೆನ್ನು ಮಾತ್ರ. ಬಿಳಿ ಜಲ್ಲಿಯ ಮೇಲೆ ನಾನು ಉಗಿದ ಕೆಂಪು, ಅದರಾಚೆ ಅವನ ಕೆಂಪು. ನಾನು ಮೊದಲು ಮಾಡಿದ್ದೇನು, ಅವನ ಹತ್ತಿರ ಓಡಲಿಲ್ಲ, ದೇವರೇ, ಮೊದಲು ಓಡಲಿಲ್ಲ, ಉಗಿದ ಜಲ್ಲಿಯನ್ನು ಕಾಲಿನಿಂದ ಮಗುಚಿ ಹಾಕಿದೆ, ಅವನ ನೀರಿನ ಬಾಟಲಿಯಿಂದ ಬಾಯಿ ಮುಕ್ಕಳಿಸಿದೆ, ಆಮೇಲೆ ಓಡಿದೆ. ಮೇಸ್ತ್ರಿ ದೇವೀರಪ್ಪ ಬಂದವನು ನನ್ನ ತುಟಿ ನೋಡಿದ, ಟವೆಲ್ ಕೊಟ್ಟ, ಒರಸ್ಕೋ ಅಂದ. ಎರಡು ದಿನ ಬಿಟ್ಟು ಎಂಕ್ವೈರಿಗೆ ಮೊದಲು ಅವನೇ ಬರೆಸಿಕೊಂಡು ಬಂದ, ವಿಷಲ್ ಊದಿದರೂ ಓಬಳಪ್ಪ ಗಮನಿಸಲಿಲ್ಲ, ಕುಡಿದ ಮಂಪರಿನಲ್ಲಿದ್ದಂತೆ ಕಂಡಿತು, ಸಹಿ ಹಾಕೋ ಶೌರಿ, ಅವ್ನು ಮುಂಚೆ ಕುಡೀತಿದ್ದ ಅನ್ನೋದು ಊರಿಗೇ ಗೊತ್ತು, ಸತ್ತೋನಿಗೆ ಇನ್ನೇನಾಗ್ಬೇಕೈತೆ, ನಿಂಗೆ ಹೆಂಡ್ತಿ ಮಕ್ಳವ್ರೆ. ಮುಂಚೆ — ಆ ಒಂದು ಮಾತಿನಲ್ಲಿ ಎಲ್ಲ ಇತ್ತು, ಮುಂಚೆ ಕುಡಿಯುತ್ತಿದ್ದ, ಮಗಳಿಗೆ ಜ್ವರ ನೆತ್ತಿಗೇರಿ ಮಾತು ನಿಂತಾಗ ಅಂತರಘಟ್ಟಮ್ಮನ ಗುಡಿಯ ಮುಂದೆ ಮಗಳ ತಲೆ ಮುಟ್ಟಿ ಆಣೆ ಇಟ್ಟು ಬಿಟ್ಟವನು, ಬಿಟ್ಟ ಎಂದರೆ ಬಿಟ್ಟ, ಎರಡು ವರ್ಷ, ಸಂಬಳದ ದಿನ ನಾವೆಲ್ಲ ಗ್ಲಾಸು ಹಿಡಿದು ಕೂತರೆ ಅವನು ಎದುರಿಗೆ ಕೂತು ಮಂಡಕ್ಕಿ ತಿನ್ನುತ್ತಿದ್ದ, ಆಸೆ ಆಗಲ್ವೇನ್ಲಾ, ಆಯ್ತದೆ ಕಣೋ, ಆದ್ರೆ ಕೈ ಚಾಚಾಕಿಲ್ಲ. ಒಂದು ದಿನದಲ್ಲಿ ಪಾಪ ಗೆದ್ದವನು ಅವನು, ಪೆಟ್ಟಿಗೆ ಇಲ್ಲದೆ, ಜಾಲರಿ ಇಲ್ಲದೆ, ಅವನು ಗೆದ್ದದ್ದನ್ನೇ ನಾನು ಒಂದು ಸಹಿಯಿಂದ ಕಿತ್ತುಕೊಂಡೆ. ಗಾಡಿ ತರೀಕೆರೆಗೆ ಬಂದು ನಿಂತಿದೆ, ಅಜ್ಜಿಯ ಬುಟ್ಟಿ ಇಳಿಸಿಕೊಟ್ಟೆ.

ಬಿಸಿಲು ಆಗಲೇ ಚುರುಗುಟ್ಟುತ್ತಿದೆ, ಚರ್ಚಿನ ಒಳಗೆ ತಂಪು, ಎಲ್ಲ ಸ್ವರೂಪಗಳಿಗೂ ನೇರಳೆ ಬಟ್ಟೆ ಮುಚ್ಚಿದ್ದಾರೆ, ಸಂತರೆಲ್ಲ ಮುಖ ಮುಚ್ಚಿಕೊಂಡು ನಿಂತ ಹಾಗಿದೆ, ನನ್ನ ಮುಂದೆ ಆರು ಜನ, ಐದು, ನಾಳಿನ ಗರಿಗಳ ಭಾನುವಾರಕ್ಕೆ ಮೂಲೆಯಲ್ಲಿ ತೆಂಗಿನ ಗರಿ ಸೀಳಿ ರಾಶಿ ಹಾಕಿದ್ದಾರೆ, ಹಸಿ ವಾಸನೆ, ನಾಲ್ಕು — ಚಿಕ್ಕವನಿದ್ದಾಗ ಜ್ಞಾನೋಪದೇಶದ ಸಿಸ್ಟರ್ ಹೇಳುತ್ತಿದ್ದರು, ಕೃಪೆ ಅಂದರೆ ದೇವರು ಬಿಟ್ಟಿ ಕೊಡುವುದು ಮಕ್ಕಳೇ, ನೀವು ಒಳ್ಳೆಯವರೆಂದು ಕೊಡುವುದಲ್ಲ, ಅವನು ಒಳ್ಳೆಯವನೆಂದು ಕೊಡುವುದು, ಕೈ ಚಾಚಿದರೆ ಸಾಕು, ನಾವು ಮಕ್ಕಳೆಲ್ಲ ಕೈ ಚಾಚುತ್ತಿದ್ದೆವು, ಸಿಸ್ಟರ್ ಒಬ್ಬೊಬ್ಬರಿಗೆ ಒಂದೊಂದು ಪೆಪ್ಪರ್‌ಮಿಂಟು ಇಡುತ್ತಿದ್ದರು, ಎಷ್ಟು ಸುಲಭ ಇತ್ತು, ಮುಷ್ಟಿ ಬಿಗಿ ಹಿಡಿದವನ ಕೈಗೆ ಏನು ಇಡುತ್ತಾರೆ ಎಂದು ಆಗ ಕೇಳಬೇಕಿತ್ತು, ಮೂರು, ಎರಡು. ಒಳಗೆ ಯಾರೋ ಕೆಮ್ಮಿದರು, ಕಫದ ಕೆಮ್ಮು, ಎರಡು ಸಲ ಕೆಮ್ಮಿ ಒಂದು ಸಲ ಉಸಿರೆಳೆದುಕೊಳ್ಳುವ ಕೆಮ್ಮು, ಆ ಕೆಮ್ಮು ನನಗೆ ಗೊತ್ತು, ಆರು ವರ್ಷದಿಂದ ಪ್ರತಿ ಭಾನುವಾರ ಕೇಳುತ್ತೇನೆ, ನಮ್ಮ ಬೀರೂರಿನ ಫಾದರ್ ಸ್ಟ್ಯಾನಿ, ತಪಸ್ಸು ಕಾಲದಲ್ಲಿ ಫಾದರುಗಳು ಒಬ್ಬರ ಊರಿಗೆ ಒಬ್ಬರು ನೆರವಿಗೆ ಹೋಗುತ್ತಾರೆ, ಅಷ್ಟೂ ಹೊಳೆಯಲಿಲ್ಲವಲ್ಲ ದಡ್ಡ, ಅವರಿಂದ ತಪ್ಪಿಸಿಕೊಳ್ಳಲು ರೈಲು ಹತ್ತಿದವನು, ಅವರು ನನಗಿಂತ ಮೊದಲಿನ ರೈಲಿಗೆ ಬಂದು ಕೂತಿದ್ದಾರೆ. ಓಡಿ ಹೋಗಬೇಕು ಅನ್ನಿಸಿತು, ಹಿಂದೆ ಒಬ್ಬ ಹೆಂಗಸು, ಮುಂದೆ ಹೋಗ್ರೀ, ನಿಮ್ದೇ ಸರದಿ, ಕಾಲು ಮಡಚಿತು, ಮಂಡಿಯೂರಿದೆ, ಜಾಲರಿಯಿಂದ ಶುಂಠಿ ಮಾತ್ರೆಯ ವಾಸನೆ, ಆಶೀರ್ವದಿಸಿ ಸ್ವಾಮಿ, ನಾನು ಪಾಪಿ, ದನಿ ಬದಲಿಸಲು ನೋಡಿದೆ, ಅರವತ್ತೊಂದು ವರ್ಷದ ಗಂಡಸು ದನಿ ಬದಲಿಸಲು ನೋಡಿದೆ. ಸುಳ್ಳು ಹೇಳಿದ್ದೇನೆ ಸ್ವಾಮಿ, ಎಷ್ಟು ಸಲ, ಒಂದು ಸಲ, ಮೂರು ನಮೋ ಮರಿಯಾ ಬರಲಿಲ್ಲ, ಒಂದು ಕೆಮ್ಮು ಬಂತು, ಆಮೇಲೆ ಮೆಲ್ಲಗೆ, ಎಂಥ ಸುಳ್ಳು.

ಎಂಥ ಸುಳ್ಳು — ಹನ್ನೊಂದು ವರ್ಷ ಯಾರೂ ಕೇಳದ್ದು, ಕೇಳಿದ ಮೇಲೆ ನನಗೆ ನಿಲ್ಲಿಸಲು ಆಗಲಿಲ್ಲ, ಎಲೆ ಹೇಳಿದೆ, ವಿಷಲ್ ಹೇಳಿದೆ, ಮಗುಚಿದ ಜಲ್ಲಿ ಹೇಳಿದೆ, ಸಹಿ, ಹುರುಳಿ, ಆ ಪಾಪ ನಂಗಿರ್ಲಿ ಅಂದಳು ಸ್ವಾಮಿ, ನಂಗಿರ್ಲಿ ಅಂದಳು, ಜಾಲರಿಗೆ ಹಣೆ ಒತ್ತಿ ಅತ್ತೆ, ಹಿಂದಿನ ಹೆಂಗಸಿಗೆ ಕೇಳಿಸಿರಬೇಕು, ಕೇಳಿಸಲಿ. ಫಾದರ್ ನನ್ನ ಹೆಸರು ಹಿಡಿದು ಕರೆಯಲಿಲ್ಲ, ಗುರುತು ಸಿಕ್ಕ ಹಾಗೂ ತೋರಿಸಲಿಲ್ಲ, ಕ್ಷಮೆ ಇದೆಯಪ್ಪಾ ಅಂದರು, ಅದು ನೀನು ದುಡಿದು ಪಡೆಯುವ ಕೂಲಿಯಲ್ಲ, ಯೇಸುಸ್ವಾಮಿ ಕೊಟ್ಟಾಗಿದೆ, ನೀನು ಇಷ್ಟು ವರ್ಷ ಬೇರೆ ಯಾರದೋ ಹೆಸರಿನಲ್ಲಿ ಕೇಳುತ್ತಿದ್ದೆ, ಇವತ್ತು ನಿನ್ನ ಹೆಸರಿನಲ್ಲಿ ಕೇಳಿದ್ದೀ, ಅಷ್ಟೇ. ಪ್ರಾಯಶ್ಚಿತ್ತ ಸ್ವಾಮಿ, ಒಂದು ಪರಲೋಕ ಜಪ, ಒಂದೇನಾ ಸ್ವಾಮಿ — ನನಗೆ ಸಿಟ್ಟು ಬಂತು, ಒಂದು ಜೀವಕ್ಕೆ, ಒಂದು ಹೆಸರಿಗೆ, ಒಂದು ಜಪವೇ, ನಲವತ್ತು ದಿನ ಉಪವಾಸ ಇರುತ್ತೇನೆ ಸ್ವಾಮಿ, ಮಂಡಿಯ ಮೇಲೆ ನಡೆಯುತ್ತೇನೆ, ಏನಾದರೂ ಹೇಳಿ, ದೊಡ್ಡದು ಹೇಳಿ. ಬೇಡ, ಅವೆಲ್ಲ ನಿನಗೆ ಸುಲಭ, ಭುಜ ಗಟ್ಟಿ ಇರುವವನಿಗೆ ಭಾರ ಹೊರುವುದು ಸುಲಭ, ಸತ್ತವನ ಹೆಸರು ನಿನ್ನ ಹತ್ತಿರ ಉಳಿದಿದೆ, ಅದನ್ನು ಅವನ ಮನೆಯವರ ಕೈಗೆ ಕೊಡು, ಕ್ಷಮೆ ಸಿಗಲಿ ಎಂದು ಕೊಡಬೇಡ, ಸಿಕ್ಕಿದೆ ಎಂದು ಕೊಡು. ಆ ಹೆಣ್ಣುಮಗಳು ಕ್ಷಮಿಸುತ್ತಾಳಾ ಸ್ವಾಮಿ, ಅದು ನನಗೆ ಗೊತ್ತಿಲ್ಲಪ್ಪಾ, ಅವಳ ಮೇಲೆ ನಮ್ಮ ಅಧಿಕಾರ ಇಲ್ಲ. ಭುಜ ಗಟ್ಟಿ ಅಂದರು, ಯಾರೆಂದು ಗೊತ್ತೇ ಇತ್ತು. ಹೊರಗೆ ಬಂದು ಒಂದು ಪರಲೋಕ ಜಪ ಹೇಳಿದೆ, ಮುಗಿಯುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ, ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆ.

ಕಡೂರಿನಲ್ಲಿ ಬಸ್ಸು ಬದಲಿಸಿದ್ದು ನೆನಪಿಲ್ಲ, ಕಿಟಕಿಯ ಸರಳು ಬಿಸಿ, ಕಂಡಕ್ಟರು ಚೌಳಹಿರಿಯೂರು ಎಂದು ಎರಡು ಸಲ ಕೂಗಿದ, ನಾಳೆಯವರೆಗೆ ಕಾದರೆ ನಾಲ್ಕು ಜನರ ಮುಂದೆ ಹೇಳಬೇಕು, ಇವತ್ತು ಅವಳೊಬ್ಬಳಿಗೆ ಹೇಳಬೇಕು, ನಾಳೆ ಬೇಕಾದರೆ ಎಲ್ಲರ ಮುಂದೂ ಹೇಳುತ್ತೇನೆ, ಮೊದಲು ಅವಳ ಕೈಗೆ — ಅಯ್ಯೋ ಅಣ್ಣಾ, ನಾಳೆ ಬನ್ನಿ ಅಂದ್ರೆ ಇವತ್ತೇ ಬಂದ್ಬಿಟ್ರಾ, ಜಗುಲಿಯಲ್ಲಿ ಮೊರ ಹಿಡಿದು ಕೂತಿದ್ದಳು, ಎದ್ದು ಸೆರಗಿನಿಂದ ಚಾಪೆ ಝಾಡಿಸಿದಳು, ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ಹೊಸ ಬಣ್ಣ, ನಾಳೆಗೆ ಎಂದು, ಅನುಷಾ ಕಡೂರಿಗೆ ಹೋಗವ್ಳೆ, ಬಳೆ ತರಾಕೆ, ಕೂತ್ಕೊಳಿ, ಮುಖ ಯಾಕಣ್ಣ ಹಿಂಗಾಗೈತೆ, ಬಿಸ್ಲು ಅಂದೆ. ಒಂದು ಚೊಂಬು ನೀರು, ಬೆಲ್ಲದ ತುಂಡು, ಒಳಗೆ ಗೋಡೆಯ ಮೇಲೆ ಓಬಳಪ್ಪನ ಫೋಟೋ, ಅದಕ್ಕೆ ಹೂವಿಲ್ಲ, ಉಳಿದ ದೇವರ ಪಟಗಳಿಗೆಲ್ಲ ಹೂವಿದೆ, ಇಷ್ಟು ವರ್ಷ ನಾನು ಅದನ್ನು ನೋಡಿಯೂ ಏಕೆ ಕೇಳಲಿಲ್ಲ. ಅವಳು ಎದುರಿಗೆ ಕೂತು ಎಲೆಯ ತಟ್ಟೆ ಎಳೆದುಕೊಂಡಳು, ನಂಟರು ಬಂದರೆ ಅವಳ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ, ಬಿಟ್ಟಿದೀನಿ ಅಂತಿರ್ತೀರಲ್ಲ, ಇವತ್ತೊಂದಿನ ಹಾಕ್ಕೊಳಿ, ಶುಭದ ಕೆಲಸಕ್ಕೆ ಬಂದಿದೀರಿ, ಎಲೆಯನ್ನು ಮಂಡಿಗೆ ಒರೆಸಿದಳು, ಅದೇ ರೀತಿ, ಗಂಡನಿಗೆ ಇವಳು ಕಲಿಸಿದಳೋ ಇವಳಿಗೆ ಅವನು ಕಲಿಸಿದನೋ, ಸುಣ್ಣ ಗೀರಿದಳು, ಅಂಜಿನಮ್ಮ, ಅವನು ಅವತ್ತು ಕುಡಿದಿರಲಿಲ್ಲ, ಹಂಗೇ ಹೇಳ್ರಣ್ಣ ನಾಳೆ, ಎಷ್ಟ್ ಚೆನ್ನಾಗಿ ಹೇಳ್ತೀರಿ, ಹಾಗಲ್ಲ ಕಣಮ್ಮ, ನಿಜವಾಗಿಯೂ ಕುಡಿದಿರಲಿಲ್ಲ, ಅವನು ಆಣೆ ಮುರಿಯಲಿಲ್ಲ, ನಾನು ವಿಷಲ್ ಊದಲಿಲ್ಲ, ನನ್ನ ಬಾಯಿ ತುಂಬ ಎಲೆ ಇತ್ತು — ಹೇಳಿಬಿಟ್ಟೆ, ಎಲ್ಲ ಹೇಳಿದೆ, ಕಾಲಿನಿಂದ ಮಗುಚಿದ ಜಲ್ಲಿಯನ್ನೂ, ಅವನ ಬಾಟಲಿಯ ನೀರನ್ನೂ, ನನ್ನ ಸಹಿಯನ್ನೂ. ಅಡಿಕೆಯ ಚೂರು ಇಡುತ್ತಿದ್ದವಳು ಇಟ್ಟಳು, ಒಂದು ಮಡಿಕೆ ಮಡಿಸಿದಳು, ಕೈಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ, ಇನ್ನೊಂದು ಮಡಿಕೆ ಮಡಿಸಿದಳು. ಆ ಎಲೆ ಅವ್ರು ಕೊಟ್ಟಿದ್ದಾ, ಹೂಂ, ಬೆಳಿಗ್ಗೆ ನಾನ್ ಕಟ್ಕೊಟ್ಟಿದ್ದು, ಹೂಂ ಕಣಮ್ಮ, ಎಳೇ ಎಲೆ ಅಂದ. ಮೊರದಲ್ಲಿ ಹುರುಳಿಯ ಮೇಲೆ ಒಂದು ಗುಬ್ಬಿ ಬಂದು ಕೂತಿತು, ಅವಳು ಓಡಿಸಲಿಲ್ಲ. ಹನ್ನೊಂದ್ ವರ್ಷ ಅವ್ರಿಗೆ ಹೂವಿಟ್ಟಿಲ್ಲ ನಾನು, ಮಗಳ ತಲೆ ಮುಟ್ಟಿ ಮಾತು ತಪ್ದ ಅಂತ, ಎಡೆ ಇಕ್ಕೋವಾಗ್ಲೂ ಬೈಕೊಂಡೇ ಇಕ್ಕಿದೀನಿ, ಬೈಕೊಂಡೇ, ದನಿ ಏರಲಿಲ್ಲ, ಅಳಲಿಲ್ಲ, ಬೈದಿದ್ದರೆ, ಮೊರ ಎತ್ತಿ ಮುಖಕ್ಕೆ ಎಸೆದಿದ್ದರೆ, ನನ್ನ ಕಣ್ಣು ಅವಳ ಮುಖದ ತನಕ ಏರುತ್ತಿಲ್ಲ, ಮಂಡಿಯವರೆಗೆ ಬಂದು ನಿಂತಿದೆ, ಕೈಯವರೆಗೆ, ಮಡಿಸಿದ ಎಲೆ ಹಿಡಿದ ಕೈ, ನನ್ನ ಕಡೆಗೆ ಹೊರಟಿದ್ದ ಕೈ ಅರ್ಧದಲ್ಲಿ ನಿಂತುಬಿಟ್ಟಿದೆ, ಮುಂದಕ್ಕೂ ಬರುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ, ಉಗುರಿಗೆ ಸುಣ್ಣ, ತಗಾ ಶೌರಿ ಎಂದು ಚಾಚಿದ್ದು ಇಷ್ಟೇ ದೂರದಿಂದ, ಕೊಡುತ್ತಾಳೋ ಕೆಳಗಿಡುತ್ತಾಳೋ, ಕೇಳುವ ಬಾಯಿ ನನಗಿಲ್ಲ, ನನ್ನ ಕೈಯೂ ತೊಡೆಯ ಮೇಲೆ ತೆರೆದುಕೊಂಡು ಬಿದ್ದಿದೆ, ಎರಡು ಕೈಗಳ ನಡುವೆ ಒಂದು ಗೇಣು, ಎಲೆ, ಆ ಎಲೆ ಹಿಡಿದ ಕೈ, ಚಾಚಿದ ಕೈ, ಕೈ —